ಕಣ್ಣಿನ ರೆಪ್ಪೆಗೆ ಸೀಲ್ ಎಲ್ಲಿ ಹಾಕಿಸಲಿ?

ರಂಜಾನ್ ಸಾಮಾನ್ಯ ಜ್ಞಾನ ಸ್ಪರ್ಧೆಯ ಮುಖ್ಯ ತೀರ್ಪುಗಾರರಾದ ಮಾನ್ಯರೇ,

ನನ್ನ ಮೊಮ್ಮಗಳು ಹೇಳಿದ ಸರಿಯುತ್ತರವನ್ನು ತಾವು ತಪ್ಪೆಂದು ತೀರ್ಮಾನಿಸಿ ಇಂದಿಗೆ ಹನ್ನೊಂದು ದಿನ. ಅಷ್ಟರಲ್ಲಿ ನಾನು ಮೂರು ಸಲ ತಮ್ಮ ಸಂಸ್ಕೃತಿ ಕಚೇರಿಗೆ ಬಂದೆ, ಮೂರು ಸಲವೂ ತಾವು ಸಭೆಯಲ್ಲಿದ್ದಿರಿ. ಉಪವಾಸದ ತಿಂಗಳಲ್ಲಿ, ಚಹಾ ಬಿಸ್ಕತ್ತಿನ ಆಸೆಯೂ ಇಲ್ಲದೆ ಇಷ್ಟೊಂದು ಸಭೆ ನಡೆಸುವ ತಮ್ಮ ಕಾರ್ಯನಿಷ್ಠೆಗೆ ಬೆರಗಾಗಿ, ಇನ್ನು ತೊಂದರೆ ಕೊಡುವುದು ಬೇಡವೆಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ತಮಗೆ ನೆನಪಿರಲಾರದು, ಹೇಳುತ್ತೇನೆ. ನಮ್ಮೂರಿನ ಯುವಜನ ಕೇಂದ್ರದಲ್ಲಿ ಒಬ್ಬ ಹಿರಿಯ, ಒಂದು ಶಾಲೆಯ ಮಗು ಜೋಡಿಯಾಗಿ ಕೂತು ಉತ್ತರಿಸುವ ಮೊದಲ ಸುತ್ತು. ನನ್ನ ಜೋಡಿ ನೆರ್ಮೀನ್, ಹನ್ನೆರಡು ವರ್ಷದವಳು. ನಲವತ್ತೊಂದನೆಯ ಪ್ರಶ್ನೆ: ಕೋಳಿ ಕೂರದೆಯೇ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ವಿಧಾನ ಮೊದಲು ಯಾವ ದೇಶದಲ್ಲಿ ಬಳಕೆಗೆ ಬಂತು? ನೆರ್ಮೀನ್ ನನ್ನ ಮುಖ ಕೂಡ ನೋಡಲಿಲ್ಲ. "ನಮ್ಮ ದೇಶದಲ್ಲಿ," ಎಂದಳು. "ನಮ್ಮಜ್ಜ ಈಗಲೂ ಅದನ್ನೇ ಮಾಡೋದು." ತಾವು ತಮ್ಮ ಕಚೇರಿ ಅಚ್ಚು ಹಾಕಿಸಿದ ಪ್ರಶ್ನೋತ್ತರ ಪುಸ್ತಿಕೆ ತಿರುವಿ "ಫ್ರಾನ್ಸ್" ಎಂದು ಓದಿದಿರಿ.

ನಾನು ಎದ್ದು ನಿಂತೆ. ತಾವು ಗಡಿಯಾರ ನೋಡಿಕೊಂಡಿರಿ. "ಹಾಜಿಯವರೇ, ಕೂತ್ಕೊಳ್ಳಿ. ಉಪವಾಸ ಬಿಡೋ ಬಾಂಗ್‌ಗೆ ಏಳು ನಿಮಿಷ ಇದೆ. ಪುಸ್ತಕದಲ್ಲಿ ಇರೋದೇ ಸರಿ." ಹಿಂದಿನಿಂದ ಯಾರೋ ಪುಣ್ಯಾತ್ಮ ನನ್ನನ್ನು ಕೂಗಿ, "ಮೆತ್ವಲ್ಲಿ ಚಾಚಾ, ಫ್ರಾನ್ಸನ್ನ ನಾಳೆ ವಿಚಾರಿಸ್ಕೊಳ್ಳೋಣ, ಮನೇಲಿ ಸೂಪು ಆರಿಹೋಗುತ್ತೆ," ಎಂದ. ಎಲ್ಲರೂ ನಕ್ಕರು. ಖರ್ಜೂರದ ತಟ್ಟೆ ಸರದಿಯಲ್ಲಿ ಬರುತ್ತಿತ್ತು, ಜನ ಅರ್ಧ ಎದ್ದಾಗಿತ್ತು. ನಮ್ಮ ಊರುಗಳಲ್ಲಿ ಮಾತ್ರ ಇತಿಹಾಸ ಹೀಗೆ ಸೂರ್ಯಾಸ್ತದ ಹೊತ್ತಿಗೆ ತೀರ್ಮಾನವಾಗುತ್ತದೆ. ಅಂದಹಾಗೆ, ನಾನಿನ್ನೂ ಹಜ್‌ಗೆ ಹೋಗಿಲ್ಲ. ನೆರೆತ ಗಡ್ಡ ಕಂಡವರನ್ನೆಲ್ಲ ಹಾಜಿ ಎನ್ನುವುದು ನಮ್ಮ ರೂಢಿ, ಒಪ್ಪುತ್ತೇನೆ. ಆದರೆ ಸಾಮಾನ್ಯ ಜ್ಞಾನದ ತೀರ್ಪುಗಾರರ ಬಾಯಲ್ಲಿ ಒಂದೇ ಉಸಿರಿಗೆ ಎರಡು ತಪ್ಪು ಸ್ವಲ್ಪ ಹೆಚ್ಚಾಯಿತು.

ಕೆಂಡದ ಬಿಸಿಯಲ್ಲಿ ಮೊಟ್ಟೆ ಮರಿಯಾಗುವ ನಮ್ಮ ಕಾವುಮನೆ ಮಣ್ಣಿಟ್ಟಿಗೆಯದು, ನನ್ನ ಮುತ್ತಜ್ಜನ ಅಜ್ಜನಿಗಿಂತಲೂ ಹಳೆಯದು. ಇಂಥ ಗೂಡುಗಳು ನಮ್ಮ ನಾಡಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಉರಿಯುತ್ತಿವೆ. ಫ್ರಾನ್ಸಿನ ವಿದ್ವಾಂಸನೊಬ್ಬ ಇವುಗಳ ವಿಷಯ ಕೇಳಿ ತಿಳಿದು, ಈ ದೇಶದವರು ಪಿರಮಿಡ್ಡುಗಳಿಗಿಂತ ಇವುಗಳ ಬಗ್ಗೆ ಹೆಚ್ಚು ಹೆಮ್ಮೆಪಡಬೇಕು ಎಂದು ಬರೆದಿಟ್ಟು ಹೋಗಿದ್ದಾನೆ. ಪಾಪ, ಇಲ್ಲಿಯ ಸಂಸ್ಕೃತಿ ಕಚೇರಿ ಆ ಹೆಮ್ಮೆಯನ್ನೂ ಅವನಿಗೇ ಪಾರ್ಸೆಲ್ ಮಾಡಿ ಕಳಿಸುತ್ತದೆಂದು ಅವನಿಗೇನು ಗೊತ್ತಿತ್ತು? ಚೀನಾದವರು ತಾವೇ ಮೊದಲಿಗರು ಎಂದರೆ ಅವರ ಜೊತೆ ಕೂತು ಮಾತಾಡೋಣ, ಅವರದೂ ಹಳೆಯ ಕೈ. ಫ್ರಾನ್ಸಿನ ಜೊತೆ ಮಾತಾಡಲು ಏನಿದೆ?

ತಮ್ಮ ಪುಸ್ತಿಕೆಯನ್ನು ಪೂರ್ತಿ ಓದಿದೆ. ಮೊಟ್ಟೆ ಕಾಯುತ್ತ ಇಪ್ಪತ್ತೊಂದು ದಿನ ಕೂರುವವನಿಗೆ ಓದಲು ಪುರಸೊತ್ತು ಬಹಳ. ಆಕ್ಟೋಪಸ್‌ಗೆ ಮೂರು ಹೃದಯ ಎಂದಿದ್ದೀರಿ, ಸರಿ, ಅಭಿನಂದನೆ. ಚಂದ್ರನ ಮೇಲೆ ನಿಂತರೆ ಚೀನಾದ ಗೋಡೆ ಕಾಣುತ್ತದೆ ಎಂದಿದ್ದೀರಿ, ಹೋಗಿ ಬಂದವರಿಗೆ ಕಾಣಲಿಲ್ಲ, ತಮಗೆ ಕಂಡಿದೆ. ಸ್ಫಿಂಕ್ಸಿನ ಮೂಗು ಒಡೆದದ್ದು ನೆಪೋಲಿಯನ್ನನ ಫಿರಂಗಿ ಎಂದಿದ್ದೀರಿ. ಅವನು ಹುಟ್ಟುವ ಮೊದಲೇ ಬರೆದ ಚಿತ್ರದಲ್ಲಿ ಆ ಮೂಗಿಲ್ಲ. ತೊಟ್ಟಿಲಿಗೂ ಬರದ ಮಗುವಿನ ಮೇಲೆ ಈ ಆರೋಪವೇಕೆ?

ಆಕ್ಷೇಪಣೆಯನ್ನು ಆಧಾರದ ಸಮೇತ ಬರೆದುಕೊಡಿ ಎಂದರು ತಮ್ಮ ಕಚೇರಿಯವರು. ಬರೆದುಕೊಟ್ಟೆ. ಆಧಾರ ಎಂಬಲ್ಲಿ "ನನ್ನ ಬಲಗಣ್ಣಿನ ರೆಪ್ಪೆ" ಎಂದು ತುಂಬಿದೆ. ಸೀಲಾದ ಪ್ರತಿ ಲಗತ್ತಿಸಿಲ್ಲವೆಂದು ಅರ್ಜಿ ವಾಪಸಾಯಿತು. ಆಗ ಅಂಗಿಯೊಳಗೆ ಬಟ್ಟೆ ಸುತ್ತಿ, ಹದಿನೆಂಟು ದಿನ ಕಾವು ಕಂಡ ಎರಡು ಮೊಟ್ಟೆ ಹಿಡಿದು ಕೌಂಟರಿಗೇ ಬಂದೆ. ಗುಮಾಸ್ತೆ ಸಫಿನಾಜ್ ಒಳ್ಳೆಯ ಹೆಂಗಸು.

"ಕಣ್ಮುಚ್ಚಮ್ಮ," ಎಂದೆ. "ಇದನ್ನ ರೆಪ್ಪೆಗೆ ಒತ್ತು. ಈಗ ಇದನ್ನ."

"ಮೊದಲನೇದು ಬೆಚ್ಚಗಿದೆ. ಇನ್ನೊಂದು ಸ್ವಲ್ಪ ತಣ್ಣಗೆ."

"ಬೆಚ್ಚಗಿರೋದರಲ್ಲಿ ಜೀವ ಇದೆ. ಇನ್ನೊಂದು ಸತ್ತಿದೆ. ನಮ್ಮಪ್ಪ ಹೀಗೇ ನೋಡ್ತಿದ್ದ, ಅವರಪ್ಪನೂ ಹೀಗೇ. ಶಾಖ ಅಳೆಯೋ ಗಾಜಿನ ಕಡ್ಡಿ ಹುಟ್ಟೋ ಮೊದಲಿಂದ."

ಅವಳು ಬೆಚ್ಚಗಿನ ಮೊಟ್ಟೆಯನ್ನು ಬಹಳ ಹೊತ್ತು ಕಣ್ಣಿನಿಂದ ತೆಗೆಯಲೇ ಇಲ್ಲ. ಆಮೇಲೆ ನಿಟ್ಟುಸಿರು ಬಿಟ್ಟು, "ನಂಗೆ ನಂಬಿಕೆ ಬಂತು ಚಾಚಾ. ಆದ್ರೆ ಸೀಲ್ ಎಲ್ಲಿದೆ?" ಎಂದಳು.

ಮಾನ್ಯರೇ, ಹೋದ ಅಂಕ ನನಗೆ ಬೇಡ. ಆ ಅಂಕವಿಲ್ಲದೆಯೂ ನಾವು ಎರಡನೆಯ ಸ್ಥಾನದಲ್ಲಿದ್ದೇವೆ, ನೆರ್ಮೀನ್ ಗುರುವಾರದ ಅಂತಿಮ ಸುತ್ತಿಗೆ ಹೋಗುತ್ತಾಳೆ. ಅಲ್ಲಿ ಕೂರುವುದು ಮಕ್ಕಳು ಮಾತ್ರ, ಆದರೆ ಪ್ರಶ್ನೆಗಳು ಅದೇ ಪುಸ್ತಿಕೆಯವು, ತಪ್ಪಾದವನ್ನು ಮತ್ತೆ ಕೇಳುತ್ತಾರಂತೆ. ನನ್ನ ಸಂಕಟ ಇರುವುದು ಇಲ್ಲಿ. ಆರನೆಯ ವಯಸ್ಸಿನಿಂದ ಅವಳು ಗೂಡಿನ ಬಾಯಲ್ಲಿ ನನ್ನ ಪಕ್ಕ ಕೂತವಳು, ಜೀವ ಇರುವ ಮೊಟ್ಟೆಯನ್ನು ನನಗಿಂತ ಚುರುಕಾಗಿ ಆರಿಸುವವಳು. ಈಗ ಹನ್ನೊಂದು ದಿನದಿಂದ ಗೂಡಿನ ಕಡೆ ಬಂದಿಲ್ಲ. ನಿನ್ನೆ ಜಗುಲಿಯಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದಳು. "ನಲವತ್ತೊಂದು, ಫ್ರಾನ್ಸ್. ನಲವತ್ತೊಂದು, ಫ್ರಾನ್ಸ್."

"ನಿನಗೆ ನಿಜ ಗೊತ್ತಲ್ವೇನೇ?" ಎಂದೆ.

"ಗೊತ್ತು ಅಜ್ಜ," ಎಂದಳು, ತಲೆ ಎತ್ತಲಿಲ್ಲ. "ಗೆಲ್ಲಬೇಕಂದ್ರೆ ಇದನ್ನೇ ಹೇಳಬೇಕು. ನಿಂಗೆ ಕೇಳೋಕೆ ಆಗಲ್ಲ ಅಂದ್ರೆ ಗುರುವಾರ ನೀನು ಬರಬೇಡ."

ಅರವತ್ತೊಂಬತ್ತು ವರ್ಷದಲ್ಲಿ ನನಗೆ ಇಷ್ಟು ನೋವು ಯಾರೂ ಕೊಟ್ಟಿರಲಿಲ್ಲ. ಅವಳ ಮೇಲೆ ಸಿಟ್ಟಿಲ್ಲ, ಅವಳಿಗೆ ಆ ಪಾಠ ಕಲಿಸಿದವರು ತಾವು. ಗೊತ್ತಿರುವುದನ್ನು ನುಂಗಿಕೊಂಡು ಮೇಲಿನವರು ಬಯಸಿದ್ದನ್ನು ಹೇಳುವುದೇ ಜ್ಞಾನವೆಂದು ಹನ್ನೆರಡರ ಹುಡುಗಿ ಕಲಿತಾಗಿದೆ. ತಮ್ಮ ಪುಸ್ತಿಕೆಯಲ್ಲಿ ಇಷ್ಟು ಪರಿಣಾಮಕಾರಿಯಾದ ಪಾಠ ಇನ್ನೊಂದಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಗುರುವಾರಕ್ಕೆ ಮೊದಲು ನಲವತ್ತೊಂದನೆಯ ಉತ್ತರ ತಿದ್ದಿ, ತಿದ್ದಿದ್ದನ್ನು ತಾವೇ ನಮ್ಮ ಮನೆಗೆ ಬಂದು ನೆರ್ಮೀನ್‌ಗೆ ಹೇಳಬೇಕು. ತಿದ್ದಿದ್ದಾರೆಂದು ನಾನು ಹೇಳಿದರೆ ಅವಳು ಇನ್ನು ನಂಬುವುದಿಲ್ಲ. ತಮಗೆ ಬಿಡುವಾಗದಿದ್ದರೂ ನಾನು ಗುರುವಾರ ಬರುತ್ತೇನೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಅವಳು ಫ್ರಾನ್ಸ್ ಎಂದರೆ ತಾವು ಅಂಕ ಕೊಡುತ್ತೀರಿ, ಜನ ಚಪ್ಪಾಳೆ ತಟ್ಟುತ್ತಾರೆ. ಅವಳು ಮೊದಲು ನನ್ನ ಕೈಯನ್ನೇ ನೋಡುತ್ತಾಳೆ. ಮೊಮ್ಮಗಳಲ್ಲವೇ, ನಾನೂ ತಟ್ಟಬೇಕಾಗುತ್ತದೆ.

ಇಂತಿ,
ಸೀಲಿಲ್ಲದ ಆಧಾರದ ಮೇಲೆ ಐವತ್ತೆರಡು ವರ್ಷದಿಂದ ಮರಿ ಮಾಡಿಸುತ್ತಿರುವ,
ಹಾಜಿಯಲ್ಲದ ಮೆತ್ವಲ್ಲಿ ಶಾಹೀನ್
ತಾಂತಾ ಬಳಿಯ ಕಾವುಮನೆಯಿಂದ