ಮಲ್ಲಿಕಾ ಇಲ್ಲದ ಪಾಠ

ಜನವರಿ 6, ಮಂಗಳವಾರ
ದೇವದುರ್ಗದ ಬಸ್ಸಿನಲ್ಲಿ ಇವತ್ತೂ ಸೀಟಿಲ್ಲ. ರಾಯಚೂರಿನಿಂದ ನಿಂತೇ ಬಂದೆ. ಸೊಂಟ ಹಿಡಿದಿದೆ.
ಎಂಟನೆಯ ಕ್ಲಾಸಿಗೆ ಮೋಡಲ್ ವರ್ಬ್ಸ್ — ಕ್ಯಾನ್, ಮೇ, ಶುಡ್, ಮಸ್ಟ್. ಬೋರ್ಡಿನ ಮೇಲೆ ‘ಯು ಮಸ್ಟ್ ಕಮ್ ಟು ಸ್ಕೂಲ್’ ಬರೆದೆ. ಮಸ್ಟ್ ಅಂದರೆ ಮಾಡಲೇಬೇಕು, ತಪ್ಪಿಸುವಂತಿಲ್ಲ ಅಂದೆ. ಮಲ್ಲಿಕಾ ಎದ್ದು ನಿಂತಳು.
“ಹತ್ತಿ ಬಿಡಸಾಕ ಹೋಗೋದೂ ಮಸ್ಟ್ ಏನ್ರಿ ಟೀಚರ್? ನಮ್ಮಪ್ಪ ಹೋಗಲೇಬೇಕು ಅಂತಾನ್ರಿ.”
ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು, ಕೂತ್ಕೋ ಅಂದೆ. 

ಜನವರಿ 8
ಹೆಡ್‌ಮಾಸ್ಟರ್ ಜಹೀರುದ್ದೀನ್ ಸರ್ ಕರೆದರು. ಸೋಮವಾರ ರಾಯಚೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರಂತೆ. ನನ್ನ ಪಾಠದ ವಿಡಿಯೊ ಮಾಡಿ, ಮಾನ್ವಿ ಟ್ರೇನಿಂಗಿನಲ್ಲಿ ಉಳಿದ ಟೀಚರುಗಳಿಗೆ ತೋರಿಸುತ್ತಾರಂತೆ. ನನ್ನ ಪಾಠ! ಹಿಗ್ಗಿ ಹೀರೇಕಾಯಿಯಾದೆ.
ಇದೇ ಮೋಡಲ್ ಪಾಠ ಇನ್ನೊಮ್ಮೆ ಮಾಡಿದರಾಯಿತು. ವಾಕ್ಯ ಹಂಚಿಯೂ ಆಯಿತು. ‘ಮೇ ಐ ಕಮ್ ಇನ್’ ಮಿನಾಜ್‌ಗೆ. ‘ಐ ಕ್ಯಾನ್ ಸ್ವಿಮ್’ ತಿರುಪತಿಗೆ. ಅವನಿಗೆ ಈಜು ಬರುವುದಿಲ್ಲ... ಇರಲಿ, ಸಾಹೇಬರೇನು ಬಾವಿಗೆ ತಳ್ಳಿ ನೋಡುವುದಿಲ್ಲ.

ಜನವರಿ 10, ಮಧ್ಯಾಹ್ನ
ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಪ್ರಾಕ್ಟೀಸಿನಲ್ಲಿ ಎಲ್ಲರೂ ಪಟಪಟನೆ ಒಪ್ಪಿಸಿದರು. ಮಲ್ಲಿಕಾ ಮಾತ್ರ ಕೈ ಎತ್ತಿದಳು — ಹತ್ತಿಯ ವಿಷಯ ಸಾಹೇಬರನ್ನೇ ಕೇಳಲಾ ಎಂದು.  ಕ್ಯಾಮೆರಾ ಮುಂದೆ, ಕನ್ನಡದಲ್ಲಿ, ಹತ್ತಿ!
ಬೆಲ್ ಆದ ಮೇಲೆ ವರಾಂಡಕ್ಕೆ ಕರೆದೆ.
“ಸೋಮವಾರ ನೀ ಬರಬ್ಯಾಡವಾ. ಮನ್ಯಾಗ ಇರು. ಹಾಜರಿ ನಾ ಹಾಕ್ತೀನಿ.”
ಎಲ್ಲದಕ್ಕೂ ಯಾಕೆ ಅನ್ನುವ ಹುಡುಗಿ.  ಈಗ ತಲೆ ತಗ್ಗಿಸಿ ಹೊರಟುಹೋದಳು.
ಒಂದೇ ದಿನದ ಮಾತು. ಏನಾಗುತ್ತೆ?

ಜನವರಿ 12
ಪಾಠ ಭರ್ಜರಿಯಾಯಿತು. ಒಬ್ಬರೂ ತಪ್ಪಲಿಲ್ಲ. ಸಾಹೇಬರು ಶಹಬ್ಬಾಸ್ ಅಂದರು. ಮಲ್ಲಿಕಾಳ ಹೆಸರಿನ ಮುಂದೆ ಹಾಜರಿ ಹಾಕಿದೆ. ಹಾಕುವಾಗ ಸುಮ್ಮನೆ ಹಿಂದೆ ತಿರುಗಿ ನೋಡಿದೆ, ಯಾರಾದರೂ ಇದ್ದಾರಾ ಎಂದು.

ಜನವರಿ 21, ಮಾನ್ವಿ
ವಿಡಿಯೊ ತೋರಿಸಿದರು. ಚಪ್ಪಾಳೆ. ಪರದೆಯ ಮೇಲೆ ಮಿನಾಜ್‌ಳ ಪಕ್ಕದಲ್ಲಿ ಮಲ್ಲಿಕಾಳ ಜಾಗ ಖಾಲಿ. ಯಾರ ಕಣ್ಣಿಗೂ ಬೀಳಲಿಲ್ಲ. ನನಗೆ ಬೇರೇನೂ ಕಾಣಲಿಲ್ಲ.
ಆ ಸೋಮವಾರದಿಂದ ಅವಳು ಬಂದೇ ಇಲ್ಲ. ಜ್ವರವಿರಬೇಕು ಅಂದುಕೊಂಡಿದ್ದೆ... ಸುಳ್ಳು. ಏನೂ ಅಂದುಕೊಂಡಿರಲಿಲ್ಲ. ಶಹಬ್ಬಾಸಿನ ಅಮಲಿನಲ್ಲಿ ಮರೆತೇಬಿಟ್ಟಿದ್ದೆ.
ಊಟದ ಹೊತ್ತಿಗೆ ಸಿರವಾರದ ಸುಭಾಷ್ ಮೇಷ್ಟ್ರು ಪಕ್ಕ ಬಂದು ಕೂತರು. ನಿಮ್ಮ ಕ್ಲಾಸಿನಲ್ಲಿ ಹಿಂದೆ ಬಿದ್ದವರೇ ಇಲ್ಲವಲ್ಲ, ಏನು ಮಾಡುತ್ತೀರಿ ಎಂದು ಕೇಳಿದರು. ಪಾಪ, ನಿಜವಾಗಿ ಕಲಿಯಬೇಕೆಂದೇ ಕೇಳಿದ್ದು. ತಟ್ಟೆ ಸರಿಸಿ ಎದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಜನವರಿ 22
ಸ್ಕೂಲು ಬಿಟ್ಟ ಮೇಲೆ ಮಲ್ಲಿಕಾಳ ಮನೆಗೆ ಹೋದೆ. ಅವಳ ತಾಯಿ ಪಕೀರಮ್ಮ ಚಾಪೆ ಹಾಸಿ, ಚಹಾಕ್ಕಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳು ಅಪ್ಪನ ಸಂಗಡ ಹತ್ತಿ ಬಿಡಿಸಲು ಹೋಗುತ್ತಿದ್ದಾಳಂತೆ, ಆ ಸೋಮವಾರದಿಂದಲೂ. ಸ್ಕೂಲಿಗೆ ಕಳಿಸಿ ಅಂದೆ. ಆಕೆ ಅರ್ಥವಾಗದವಳಂತೆ ನನ್ನನ್ನೇ ನೋಡಿದಳು.
“ಹಾಜರಿ ನೀವ ಹಾಕ್ತೀರಂತಲ್ರಿ ಟೀಚರ್. ಹೋದ್ರೇನು ಬಿಟ್ರೇನು ಅಂದ್ರು ಅವರಪ್ಪ.”
ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ತಪ್ಪು ನನ್ನದು, ಹುಡುಗಿಯದಲ್ಲ, ಸಾಹೇಬರ ಮುಂದೆ ನನ್ನ ಮಾನ ಉಳಿಸಿಕೊಳ್ಳಲು ನಾನೇ ಬರಬೇಡ ಅಂದೆ ಎಂದು ಬಾಯಿಬಿಟ್ಟು ಹೇಳಿದೆ. ಇರಲಿ ಬಿಡ್ರಿ ಅಂದು ಚಹಾ ಕೈಗಿಟ್ಟಳು.
ಅಷ್ಟರಲ್ಲಿ ಮಲ್ಲಿಕಾ ಬಂದಳು. ಕೂದಲಲ್ಲೆಲ್ಲ ಹತ್ತಿಯ ಎಳೆ. ನನ್ನನ್ನು ನೋಡಿದ್ದೇ ಬಾಗಿಲಲ್ಲಿ ನಿಂತುಬಿಟ್ಟಳು — ತನ್ನ ಮನೆಯ ಬಾಗಿಲಲ್ಲಿ. ನಾಳೆಯಿಂದ ಬಾರವ್ವಾ ಅಂದೆ. ಕೂದಲಿನ ಹತ್ತಿಯೆಳೆ ಒಂದೊಂದಾಗಿ ಕಿತ್ತಳು. ಆಮೇಲೆ ಮೆಲ್ಲಗೆ —
“ನಾಳಿ ಯಾರೂ ನೋಡಾಕ ಬರಂಗಿಲ್ಲೇನ್ರಿ ಟೀಚರ್?”
ಯಾರು ಬಂದರೂ ನೀನು ಬರಬೇಕು ಅನ್ನಬೇಕಿತ್ತು. ನಾನು ಅಂದದ್ದು — ಇಲ್ಲವ್ವಾ, ನಾಳೆ ಯಾರೂ ಬರಂಗಿಲ್ಲ. ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಮತ್ತೆ ಅದನ್ನೇ ಹೇಳಿದ್ದೆ — ನೋಡುವವರಿಲ್ಲದ ದಿನ ಮಾತ್ರ ನೀ ಬಾ ಎಂದು.