ಅಪ್ಪ ಕೇಳಿದ್ದು ಒಂದು ಹಂಪ್

ಸೆಪ್ಟೆಂಬರ್ ೯, ಬೆಳಿಗ್ಗೆ ೧೦
ಪಂಪಿನ ಮೋಟಾರ್ ಎರಡು, ಮಿಕ್ಸಿ ಒಂದು. ಮಧ್ಯಾಹ್ನದೊಳಗೆ ಕಾಯಿಲ್ ಸುತ್ತಿ ಮುಗಿಸಬೇಕು. ಅಂಗಡಿ ತೆರೆದು ಅರ್ಧ ಗಂಟೆಯಾಗಿಲ್ಲ, ವಾರ್ಡ್ ಕಮಿಟಿ ಅಧ್ಯಕ್ಷರು ಹಾಜರ್. ಅಪ್ಪನ ಸ್ಟೂಲಿನ ಮೇಲೆ ಕೂತೇಬಿಟ್ಟರು. ಅಪ್ಪ ಹೋಗಿ ಇವತ್ತಿಗೆ ಒಂದು ತಿಂಗಳು.

"ಇಪ್ಪತ್ತೆರಡಕ್ಕೆ ಶಾಲೆ ಮುಂದೆ ಕಾರ್ಯಕ್ರಮ ಇಟ್ಕೊಂಡಿದೀವಮ್ಮ. ಕಲ್ಲಿನ ಫಲಕ. ವೀರ ಯೋಧ, ಆದರ್ಶ ಉದ್ಯಮಿ, ನಿಸ್ವಾರ್ಥ ಸೇವಕ ಅಂತ ಕೆತ್ತಿಸ್ತಿದೀವಿ. ನೀವೊಂದು ಐದು ನಿಮಿಷ ಮಾತಾಡಿ."

ಉದ್ಯಮಿಯಂತೆ. ಹತ್ತಡಿ ಅಂಗಡಿ. ಇಬ್ಬರು ಒಳಗಿದ್ದರೆ ಮೂರನೆಯವರು ಹೊರಗೆ ನಿಲ್ಲಬೇಕು.

"ಮಕ್ಕಳಿಗೋಸ್ಕರ ಪ್ರಾಣತ್ಯಾಗ ಮಾಡಿದ್ರು" ಎಂದು ಕಣ್ಣು ಬೇರೆ ಒರೆಸಿಕೊಂಡರು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಇಟ್ಟಿದ್ದು ಒಳ್ಳೆಯದಾಯಿತು.

ಸೆಪ್ಟೆಂಬರ್ ೧೦
ತ್ಯಾಗ!

ಆದದ್ದು ಆದಂತೆ ಬರೆದಿಡುತ್ತೇನೆ. ಹದಿನೆಂಟು ವರ್ಷ ಸೈನ್ಯದಲ್ಲಿದ್ದರು. ಟೆಲಿಫೋನ್ ತಂತಿ ಎಳೆಯುವ ಕೆಲಸ. ಒಂದು ಶೆಲ್ ಹತ್ತಿರದಲ್ಲೇ ಬಿದ್ದು ಎಡಗಿವಿ ಹೋಯಿತು. ವಾಪಸ್ ಬಂದು ಇಪ್ಪತ್ತಾರು ವರ್ಷ ಈ ಅಂಗಡಿ. ಕೊನೆಯ ಒಂಬತ್ತು ವರ್ಷ ದಿನವೂ ಶಾಲೆಯ ಮುಂದೆ. ಸೀಟಿ, ಕೆಂಪು ಬಟ್ಟೆ. ಮಕ್ಕಳನ್ನು ದಾಟಿಸಿ ಆಮೇಲೆ ಅಂಗಡಿಗೆ. ಯಾರೂ ಕರೆದಿರಲಿಲ್ಲ. ತಾವಾಗಿಯೇ ನಿಂತರು.

ಇಳಿಜಾರಿನಲ್ಲಿ ಜಲ್ಲಿ ಲಾರಿಗಳು ಯಮನ ಹಾಗೆ ಬರುತ್ತವೆ. ಅಪ್ಪ ಕೇಳಿದ್ದು ಒಂದೇ — ಅವುಗಳ ವೇಗ ತಗ್ಗಿಸಲು ಒಂದು ಹಂಪ್. ಆ ದಿನ ಲಾರಿ ಎಡಗಡೆಯಿಂದ ಬಂತು. ಹಾರ್ನ್ ಹೊಡೆದೆ ಎನ್ನುತ್ತಾನೆ ಡ್ರೈವರ್. ಹೊಡೆದಿರಬಹುದು. ಯಾವ ಕಿವಿಗೆ? ಇಬ್ಬರು ಹುಡುಗಿಯರನ್ನು ಮುಂದಕ್ಕೆ ತಳ್ಳುವಷ್ಟು ಸಮಯ ಸಿಕ್ಕಿತು. ತಾವು ದಾಟುವಷ್ಟು ಸಿಗಲಿಲ್ಲ.

ಸೆಪ್ಟೆಂಬರ್ ೧೪, ಮಧ್ಯಾಹ್ನ
ಅಪ್ಪನ ಬೀರು ತೆಗೆದೆ. ಹಂಪ್‌ಗಾಗಿ ಬರೆದ ಅರ್ಜಿಗಳ ಕಾಪಿ ಫೈಲ್ ಮಾಡಿಟ್ಟಿದ್ದಾರೆ. ಹದಿನೇಳು. ಎಲ್ಲದರಲ್ಲೂ "ದಯವಿಟ್ಟು". ಹದಿನೇಳನೆಯದರಲ್ಲೂ! ವಾರ್ಡ್ ಎಂಜಿನಿಯರ್ ಉತ್ತರ ಒಂದೇ ಒಂದು: "ಪರಿಶೀಲಿಸಲಾಗುವುದು."

ಹೋದ ವರ್ಷದ ವಾರ್ಡ್ ಸಭೆ ನೆನಪಾಯಿತು. ಎಲ್ಲರ ಮುಂದೆ ಇದೇ ಅಧ್ಯಕ್ಷರು, "ಯಜಮಾನ್ರೇ, ಇದು ಮಿಲಿಟ್ರಿ ಅಲ್ಲ, ನೀವು ಆರ್ಡರ್ ಮಾಡಿದ ಕೂಡ್ಲೆ ಆಗಕ್ಕೆ" ಎಂದಿದ್ದರು. ಸಭೆಯೆಲ್ಲ ನಕ್ಕಿತು. ಅಪ್ಪನೂ ನಕ್ಕರು. ಅದಕ್ಕೆ ಅಪ್ಪನ ಮೇಲೂ ಸಿಟ್ಟಿದೆ ನನಗೆ. ಯಾಕೆ ನಕ್ಕಿರಿ? ಮೇಜು ಗುದ್ದಬೇಕಿತ್ತು.

ಸೆಪ್ಟೆಂಬರ್ ೧೭
ಕಾರ್ಯಕ್ರಮದಲ್ಲಿ ಅರ್ಜಿಗಳನ್ನೇ ಓದುತ್ತೇನೆ ಎಂದೆ. ಅಣ್ಣ ಹೌಹಾರಿದ.
"ಹುಚ್ಚಾ ನಿಂಗೆ? ಗೌರವ ಮಾಡ್ತಿದಾರೆ. ಸುಮ್ನೆ ತಗೊಂಡು ಬಾ."
"ಕೊಂದವರ ಕೈಯಿಂದ?"
"ಕೊಂದಿದ್ದು ಲಾರಿ ಕಣೇ."
"ಲಾರಿಗೆ ದಾರಿ ಬಿಟ್ಟಿದ್ದು ಯಾರು?"
ಬಾಗಿಲು ಬಡಿದು ಹೋದ. ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಒಂದೇ ಕಾಲರನ್ನು ನಾಲ್ಕು ಸಲ ಉಜ್ಜಿದಳು.

ಸೆಪ್ಟೆಂಬರ್ ೨೨, ಸಂಜೆ
ಈಗಷ್ಟೇ ಮನೆಗೆ ಬಂದೆ.

ಶಾಮಿಯಾನ, ಕುರ್ಚಿ, ಗೋಡೆಗೆ ಒರಗಿಸಿದ ಕಲ್ಲು, ಮೇಲೆ ಪರದೆ. ಅಧ್ಯಕ್ಷರು ಇಪ್ಪತ್ತು ನಿಮಿಷ ಕೊರೆದರು. ಆಮೇಲೆ ನಾನು. ಮೊದಲ ಅರ್ಜಿ ಓದಿದೆ, ತಾರೀಖಿನ ಸಮೇತ. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಮೈಕ್ "ಕೆಟ್ಟುಹೋಯಿತು". ಅಳು ಬಂತು, ಹಾಳಾದ್ದು, ಸಿಟ್ಟು ಬಂದಾಗಲೇ ಬರುತ್ತದೆ. ಕೂತುಬಿಟ್ಟೆ. ಸೋತೆ ಅಂದುಕೊಂಡೆ.

ಪರದೆ ಎಳೆಯಲು ಅಮ್ಮನನ್ನು ಕರೆದರು. ಅಮ್ಮ ಎಳೆದಳು. ಓದಿದಳು, ನಿಧಾನವಾಗಿ, ಪೂರ್ತಿ. ಅಧ್ಯಕ್ಷರ ಕಡೆ ತಿರುಗಿದಳು. ಮೈಕ್ ಇಲ್ಲದೆಯೇ ಕೊನೆಯ ಸಾಲಿಗೂ ಕೇಳಿಸಿತು:

"ಇದನ್ನ ಗೋಡೆಗೆ ಯಾಕ್ರೀ ನಿಲ್ಸಿದೀರಿ? ರಸ್ತೆಗೆ ಅಡ್ಡ ಮಲಗ್ಸಿ. ಹಂಪ್ ಆದ್ರೂ ಆಗತ್ತೆ. ಅವ್ರು ಕೇಳಿದ್ದು ಅದೇ ತಾನೆ?"

ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪ ಉಳಿಸಿದ ಹುಡುಗಿಯರಲ್ಲಿ ಒಬ್ಬಳ ತಾಯಿ ಎದ್ದಳು. ತನ್ನ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ನಡುರಸ್ತೆಯಲ್ಲಿ ಹಾಕಿ ಕೂತಳು. ಅವಳ ಪಕ್ಕ ಇನ್ನೊಬ್ಬಳು. ಹೆಡ್‌ಮಾಸ್ಟರು. ಹತ್ತು ನಿಮಿಷದಲ್ಲಿ ಶಾಮಿಯಾನ ಖಾಲಿ, ರಸ್ತೆ ಭರ್ತಿ. ಲಾರಿಗಳು ಇಳಿಜಾರಿನುದ್ದಕ್ಕೂ ಸಾಲುಗಟ್ಟಿ ಹಾರ್ನ್ ಹೊಡೆದವು. ಹೊಡೆಯಲಿ.

ಅಣ್ಣ ಕೊನೆಗೆ ಬಂದ. ಪ್ಯಾಂಟ್ ಕೊಳೆಯಾಗುತ್ತದೆ ಎಂದು ಗೊಣಗುತ್ತಲೇ ನನ್ನ ಪಕ್ಕ ನೆಲದ ಮೇಲೆ ಕೂತ.

"ಹಂಪ್ ಹಾಕಿಸ್ತೀವಿ, ಎದ್ದೇಳಿ" ಎಂದರು ಅಧ್ಯಕ್ಷರು. "ಬರಹದಲ್ಲಿ ಕೊಡಿ" ಎಂದಳು ಅಮ್ಮ. ಅಧ್ಯಕ್ಷರು ಕೊಟ್ಟರು. ನಿಂತುಕೊಂಡೇ ಬರೆದರು.

ಸೆಪ್ಟೆಂಬರ್ ೨೬, ಬೆಳಿಗ್ಗೆ ೯
ಎಂಟಕ್ಕೆ ಟಾರಿನ ಗಾಡಿ ಬಂತು. ಅಮ್ಮನೂ ನಾನೂ ಶಾಲೆಯ ಗೇಟಿನ ಹತ್ತಿರ ನಿಂತಿದ್ದೆವು. ಕೆಲಸದವರು ನಾಲ್ಕು ಜನ. ಸುಣ್ಣದ ಗೆರೆ ಎಳೆದರು, ಸುರಿದರು, ತಟ್ಟಿದರು, ರೋಲರ್ ಆಡಿಸಿದರು. ಎಂಜಿನಿಯರ್ ಕೈ ಒರೆಸಿಕೊಳ್ಳುತ್ತ ಬಂದ.

"ಈಗ ಸಮಾಧಾನ ಆಯ್ತಾಮ್ಮ?"

ನಾನು ಗಡಿಯಾರ ನೋಡಿದೆ. ಎಂಟು ನಲವತ್ತು. ಅಮ್ಮನೂ ನೋಡಿದಳು, ನನ್ನ ಮಣಿಕಟ್ಟು ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು.

"ಇಷ್ಟೇನಾ?" ಎಂದಳು. ಅವನನ್ನಲ್ಲ, ನನ್ನನ್ನು. "ಇಷ್ಟೇ ಹೊತ್ತಿನ ಕೆಲ್ಸಾನಾ ಇದು?"

ನಲವತ್ತು ನಿಮಿಷ. ಒಂಬತ್ತು ವರ್ಷ ಅಪ್ಪ ದಯವಿಟ್ಟು ದಯವಿಟ್ಟು ಎಂದು ಬರೆದದ್ದು ನಲವತ್ತು ನಿಮಿಷದ ಕೆಲಸಕ್ಕೆ.