ಕರಗದ ಮಾತ್ರೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ದೊಡ್ಡ ಕಂಪನಿ ಸೇರಿ ದೊಡ್ಡ ಮನುಷ್ಯನಾದ ನನ್ನ ಮಗನಿಗೆ, ಅಮ್ಮ ಬರೆಯುವುದು.

ನಿನ್ನ ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಆ ಊರಿನ ಲ್ಯಾಬಿನಲ್ಲೂ ಬಿಸ್ಕತ್ತಿನಲ್ಲೇ ಮುಗಿಸುತ್ತೀಯೋ? ಇಲ್ಲಿ ನಿನ್ನ ಹೆಂಡತಿ, ಮಗಳು ಆರಾಮಾಗಿದ್ದಾರೆ. ನನ್ನ ಬಿ.ಪಿ. ಮಾತ್ರ ಕೇಳಬೇಡ, ಅದು ನಿನ್ನಿಂದಲೇ ಏರಿದೆ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಮೀಟಿಂಗ್ ಇದೆ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದು.

ನಿನ್ನ ಕಂಪನಿಯಲ್ಲಿ ಒಳ್ಳೆಯದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನನ್ನ ಕಣ್ಣಿನ ಆಪರೇಷನ್ ಅವರ ವಿಮೆಯಲ್ಲೇ ಆಯಿತು. ನೀನು ಇಲ್ಲಿನ ಲ್ಯಾಬಿನಲ್ಲಿದ್ದಾಗ ಮನೆ ಬಾಗಿಲಿಗೇ ಕಂಪನಿ ಬಸ್ಸು ಬರುತ್ತಿತ್ತು. ನಿನಗೆ ಹೆಣ್ಣು ಸಿಕ್ಕಿದ್ದೂ ಆ ಹೆಸರಿನಿಂದಲೇ, ನಿನ್ನ ಮುಖ ನೋಡಿ ಅಲ್ಲ. ನಾನೂ ಬೀದಿ ತುಂಬ ಜಂಬ ಕೊಚ್ಚಿಕೊಂಡೆ. "ನನ್ನ ಮಗ ಪರೀಕ್ಷೆ ಮಾಡಿ ಬಿಟ್ಟಿರೋ ಮಾತ್ರೆ, ಕಣ್ಮುಚ್ಚಿ ನುಂಗಿ" ಅಂತ ಕೆಳಗಿನ ಮನೆಯ ಟೈಲರಮ್ಮನಿಗೂ ನಿಮ್ಮ ಕಂಪನಿಯ ಬಿ.ಪಿ. ಮಾತ್ರೆಯನ್ನೇ ಹಿಡಿಸಿದೆ.

ಮೊನ್ನೆ ನೀನು ನಿನ್ನ ಹೆಂಡತಿಗೆ ಗುಟ್ಟಾಗಿ ಫೋನ್ ಮಾಡಿ, "ಅಮ್ಮಂಗೆ ನಮ್ಮ ಕಂಪನಿ ಮಾತ್ರೆ ಕೊಡಬೇಡ, ಬೇರೆಯವರದ್ದು ತಾ, ಯಾಕೆ ಅಂತ ಕೇಳಬೇಡ" ಅಂದೆಯಂತೆ. ಅವಳು ಕೇಳದೆ ಬಿಡುತ್ತಾಳೆಯೇ, ನನ್ನ ಸೊಸೆ ಅವಳು. ಈ ಸಲ ತಯಾರಾದ ಮಾತ್ರೆ ಹೊಟ್ಟೆಯಲ್ಲಿ ಕರಗುವುದೇ ಇಲ್ಲವಂತೆ, ನುಂಗಿದ ಹಾಗೇ ಹೊರಗೆ ಹೋಗುತ್ತದಂತೆ. ಕರಗುತ್ತದೋ ಇಲ್ಲವೋ ಅನ್ನುವ ಪರೀಕ್ಷೆಯಲ್ಲಿ ನಿನ್ನ ಕೈಯಲ್ಲೇ ಫೇಲಾಯಿತು. ನಿನ್ನ ಬಾಸು ಇನ್ನೊಂದು ಸಲ ಮಾಡು ಅಂದ. ಮತ್ತೆ ಫೇಲು, ಮತ್ತೆ ಇನ್ನೊಂದು ಸಲ. ಅದೃಷ್ಟಕ್ಕೆ ಒಮ್ಮೆ ಪಾಸಾಯಿತು, ಅಲ್ಲಿಗೆ ನಿಲ್ಲಿಸಿ ಮಾರಾಟಕ್ಕೆ ಬಿಟ್ಟಿರಿ. ನೀನೂ ಲೆಕ್ಕದಲ್ಲಿ ಫೇಲಾಗಿ ಮತ್ತೆ ಪರೀಕ್ಷೆಗೆ ಕೂತವನೇ. ಆದರೆ ನಡುವೆ ನೀನು ಓದಿದ್ದೆ. ಮಾತ್ರೆ ಏನು ಓದಿತಪ್ಪಾ?

ಹೋದ ವಾರ ಟೈಲರಮ್ಮ ಹೊಲಿಯುತ್ತಿದ್ದಾಗಲೇ ತಲೆ ಸುತ್ತಿ ಮಷಿನ್ ಮೇಲೆ ಬಿದ್ದಳು. ಸೂಜಿ ಬೆರಳಿಗೆ ಹೊಕ್ಕಿದೆ. ಬಿ.ಪಿ. ಇಳಿಯುತ್ತಿಲ್ಲ ಅಂತ ಡಾಕ್ಟರು ಅದೇ ಮಾತ್ರೆಯನ್ನು ಎರಡು ಹೊತ್ತು ಮಾಡಿದ್ದಾರೆ. ನಿನ್ನೆ ಬೆಳಿಗ್ಗೆ ನೋಡಲು ಹೋದರೆ, "ನಿಮ್ಮ ಮಗನ ಮಾತ್ರೆ ಅಲ್ವಾ, ವಾಸಿ ಆಗುತ್ತೆ ಬಿಡಿ" ಅಂತ ಅವಳೇ ನನಗೆ ಸಮಾಧಾನ ಹೇಳಿದಳು. ನನಗೆ ನಾಚಿಕೆಯಾಯಿತು, ನಿನ್ನ ಮೇಲೆ ಅಸಹ್ಯವಾಯಿತು. ನಿನ್ನ ಅಮ್ಮನದ್ದು ಮಾತ್ರ ಜೀವ, ಊರವರ ಅಮ್ಮಂದಿರದ್ದು ಅಲ್ಲವೇ? ಕೆಲಸ ಹೋದರೆ ಮನೆ, ಮಗಳ ಸ್ಕೂಲು ನಡೆಯುವುದು ಹೇಗೆ ಅನ್ನುತ್ತೀಯ. ಅದೂ ಗೊತ್ತು. ಎಲ್ಲ ಸೌಕರ್ಯ ಕೊಟ್ಟು ನಿನ್ನ ಬಾಯಿಗೆ ಬೀಗ ಜಡಿದಿದ್ದಾರೆ.

ಬೈದೆ ಅಂತ ಊಟ ಬಿಡಬೇಡ. ಬೆನ್ನಿಗೆ ಶಾಖ ಕೊಟ್ಟುಕೋ. ಎಷ್ಟು ಸಿಟ್ಟಿದ್ದರೂ ಆಶೀರ್ವಾದ ವಾಪಸ್ ತೆಗೆದುಕೊಳ್ಳುವುದಕ್ಕೆ ನನಗೆ ಬರುವುದಿಲ್ಲ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ಟೈಲರಮ್ಮನಿಗೆ ಎಲ್ಲ ಹೇಳಿಬಿಟ್ಟೆ. ನಿನ್ನೆ ಸಂಜೆ ಇಬ್ಬರೂ ಔಷಧಿ ಅಂಗಡಿಗೆ ಹೋದೆವು. "ಅಷ್ಟು ದೊಡ್ಡ ಕಂಪನಿ ಅಜ್ಜಿ, ನಿಮ್ಮ ಮಾತು ಕೇಳಿ ಮಾರೋದು ನಿಲ್ಲಿಸೋಕಾಗುತ್ತಾ?" ಅಂದ ಅಂಗಡಿಯವನು. ನಿನ್ನ ನಂಬರು ಕೊಟ್ಟು ಬಂದಿದ್ದೇನೆ. ಸೊಸೆ ಈ ಕಾಗದದ ಫೋಟೊ ಈಗಲೇ ನಿನಗೆ ಕಳಿಸುತ್ತಾಳೆ. ಇವತ್ತು ಅಂಗಡಿಗೆ ರಜೆ, ನಾಳೆ ತೆರೆದ ಕೂಡಲೇ ಅವನು ಫೋನ್ ಮಾಡುತ್ತಾನೆ, ನಾನೂ ಅಲ್ಲೇ ನಿಂತಿರುತ್ತೇನೆ. ಮಾತ್ರೆ ಚೆನ್ನಾಗಿದೆ ಅಂತ ನೀನು ಅವನಿಗೆ ಹೇಳಿದರೆ, ಸೊಸೆ ತಂದ ಬೇರೆ ಕಂಪನಿಯದನ್ನು ಬಿಟ್ಟು ನಾಳೆಯಿಂದ ನಾನೂ ಅದನ್ನೇ ನುಂಗುತ್ತೇನೆ.